ಸೆಮಿಸಾಫ್ಟ್ ಲೆನ್ಸ್: ಅಳತೆ ಕಳಿಸಿ ತರಿಸುವುದೋ, ಕಣ್ಣಿಗಿಟ್ಟು ನೋಡುವುದೋ, ಸ್ಕ್ಲೆರಲ್‌ಗೆ ಹೋಗುವುದೋ?

ಹೋದ ತಿಂಗಳು ಸಿಂದಗಿ ಕಡೆಯ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ವಿಜಯಪುರದ ನಮ್ಮ ಕ್ಲಿನಿಕ್ಕಿಗೆ ಬಂದರು. ಹುಡುಗ ಡಿಪ್ಲೊಮಾ ಎರಡನೇ ವರ್ಷ. ಎರಡು ವರ್ಷದಲ್ಲಿ ಮೂರು ಚಷ್ಮಾ ಬದಲಾಗಿವೆ. ಆದರೂ ಬಲಗಣ್ಣಿಗೆ ಬೋರ್ಡಿನ ಮೇಲಿನ ಪ್ರತಿ ಅಕ್ಷರಕ್ಕೂ ಬಾಲ ಬಂದಂತೆ ಕಾಣುತ್ತದೆ, ರಾತ್ರಿ ಬೈಕಿನ ಒಂದು ಲೈಟು ನಾಲ್ಕಾಗುತ್ತದೆ. ತಾಯಿ ಮೊಬೈಲ್ ತೆಗೆದು ಚೀಟಿಯೊಂದರ ಫೋಟೊ ತೋರಿಸಿದರು. ಮೂರು ಲೆನ್ಸ್‌ಗಳ ಹೆಸರು, ಎದುರಿಗೆ ಬೆಲೆ.

"ಮೇಡಂ, ಇದ್ರಾಗ ಯಾವ್ದು ಚೊಲೊ ಐತ್ರಿ? ಅದನ್ನ ಹಾಕಿಬಿಡ್ರಿ."

ಚೀಟಿಯಲ್ಲಿ ಎಲ್ಲ ಇತ್ತು, ಹುಡುಗನ ಕಣ್ಣಿನ ಅಳತೆ ಒಂದು ಬಿಟ್ಟು. ಇಂಥ ಚೀಟಿ ಹಿಡಿದು ವಾರಕ್ಕೆ ಒಬ್ಬರಾದರೂ ಬರುತ್ತಾರೆ. ಹುಬ್ಬಳ್ಳಿಯಲ್ಲಿ ಒಂದು ಹೆಸರು ಹೇಳಿರುತ್ತಾರೆ, ಸೊಲ್ಲಾಪುರದಲ್ಲಿ ಇನ್ನೊಂದು, ಹೈದರಾಬಾದಿಗೆ ಹೋಗಿಬಂದ ಸಂಬಂಧಿಕರು ಮತ್ತೊಂದು. ಲೆನ್ಸಿನ ಹೆಸರು ಆರಿಸುವ ಮೊದಲು ಅದನ್ನು ಕಣ್ಣಿಗೆ ಹೊಂದಿಸುವ ಪದ್ಧತಿ ಆರಿಸಬೇಕು. ಒಂದೇ ಕಂಪನಿಯ ಒಂದೇ ಲೆನ್ಸು ಒಬ್ಬರ ಕಣ್ಣಲ್ಲಿ ಹತ್ತು ತಾಸು ಆರಾಮ ಕೂತರೆ, ಇನ್ನೊಬ್ಬರು ಅದನ್ನೇ ಅರ್ಧ ತಾಸಿಗೆ ಕಿತ್ತು ಡಬ್ಬಿಗೆ ಹಾಕುತ್ತಾರೆ. ಬಹಳ ಸಲ ಇಬ್ಬರ ನಡುವಿನ ವ್ಯತ್ಯಾಸ ಅಳತೆ ಹೇಗೆ ತೆಗೆದರು ಎಂಬುದರಲ್ಲಿ ಇರುತ್ತದೆ.

ಅಂಗಡಿಯಲ್ಲಿ ಸೆಮಿಸಾಫ್ಟ್ ಅಂತ ಕೇಳಿದರೆ ಕೊಡುವುದು ಆರ್‌ಜಿಪಿ (ರಿಜಿಡ್ ಗ್ಯಾಸ್ ಪರ್ಮಿಯಬಲ್, ಅಂದರೆ ಗಟ್ಟಿಯಾದರೂ ಗಾಳಿ ಹಾಯುವ) ಲೆನ್ಸನ್ನೇ. ಹೆಸರಲ್ಲಿ ಸಾಫ್ಟ್ ಇದ್ದರೂ ಅದು ಗಟ್ಟಿ, ಬೆರಳಲ್ಲಿ ಹಿಡಿದರೆ ಆಕಾರ ಬಿಡುವುದಿಲ್ಲ. ಹಳೆಯ ಹಾರ್ಡ್ ಲೆನ್ಸ್ ಪಿಎಂಎಂಎ ಎಂಬ ಪ್ಲಾಸ್ಟಿಕ್ಕಿನದು, ಅದರೊಳಗಿಂದ ಗಾಳಿ ಹಾಯುತ್ತಿರಲಿಲ್ಲ. ಈಗಿನವುಗಳಲ್ಲಿ ಆಮ್ಲಜನಕ ಹಾಯುತ್ತದೆ. ಎಷ್ಟು ಹಾಯುತ್ತದೆ ಎನ್ನುವುದಕ್ಕೆ ಡಿಕೆ ಎಂಬ ಅಂಕಿ ಇದೆ: ಬೋಸ್ಟನ್ ಇಎಸ್‌ಗೆ 18, ಬೋಸ್ಟನ್ ಇಒಗೆ 58, ಎಕ್ಸ್‌ಒಗೆ 100, ಎಕ್ಸ್‌ಒ2ಗೆ 141. ಚೀಟಿಯಲ್ಲಿ ಹೆಸರು ಬರೆಸಿಕೊಳ್ಳುವುದೇ ಆದರೆ ಈ ಹೆಸರು ಬರೆಸಿಕೊಳ್ಳಿ.

ಬರೀ ಮೈನಸ್ ನಂಬರ್ ಇದ್ದವರಿಗೆ ಸಾಫ್ಟ್ ಲೆನ್ಸ್ ಸಾಕು, ಈ ಉಸಾಬರಿ ಬೇಡ. ಕೆರಟೊಕೋನಸ್, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ (ಕಾರ್ನಿಯಾ) ತೆಳುವಾಗಿ ಶಂಕುವಿನಂತೆ ಮುಂದೆ ಬಂದವರು, ಸಿಲಿಂಡರ್ ನಂಬರ್ (ಕಾರ್ನಿಯಾ ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಬಾಗಿದ್ದರೆ ಬರುವ ನಂಬರ್) ಜಾಸ್ತಿ ಇದ್ದವರು, ಕಾರ್ನಿಯಾ ಕಸಿ ಆದವರು, ಕಬ್ಬಿನ ರವದಿಯೋ ಮುಳ್ಳೋ ತಾಗಿ ಕಣ್ಣ ಮೇಲೆ ಕಲೆ ಉಳಿದವರು, ಇವರಿಗೆ ಗಟ್ಟಿ ಲೆನ್ಸ್ ಬೇಕಾಗುತ್ತದೆ. ಏರುಪೇರಾದ ಕಾರ್ನಿಯಾದ ಮುಂದೆ ನುಣುಪಾದ ಗಟ್ಟಿ ಮೈ ಇಟ್ಟು, ನಡುವಿನ ತಗ್ಗುದಿಣ್ಣೆಗಳನ್ನು ಕಣ್ಣೀರು ತುಂಬಿದರೆ ಬೆಳಕು ನೆಟ್ಟಗೆ ಒಳಗೆ ಹೋಗುತ್ತದೆ. ಸಾಫ್ಟ್ ಲೆನ್ಸ್ ಕಾರ್ನಿಯಾದ ಆಕಾರವನ್ನೇ ತಾನೂ ತಾಳುವುದರಿಂದ ಅದರಿಂದ ಈ ಕೆಲಸ ಆಗುವುದಿಲ್ಲ.

ಎರಡು ಬಟ್ಟಲಿನ ಲೆಕ್ಕ

ಮನೆಯಲ್ಲಿ ಎರಡು ಸ್ಟೀಲ್ ಬಟ್ಟಲು ತೆಗೆದುಕೊಳ್ಳಿ. ಒಂದನ್ನು ಬೋರಲು ಹಾಕಿ ಬೆನ್ನಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು, ಮೇಲೆ ಇನ್ನೊಂದನ್ನು ಬೋರಲು ಮುಚ್ಚಿ. ಕೆಳಗಿನದು ಕಾರ್ನಿಯಾ, ಮೇಲಿನದು ಲೆನ್ಸ್. ಮೇಲಿನದರ ಬಾಗು ಕಡಿಮೆ ಇದ್ದರೆ ಅದು ನೆತ್ತಿಯ ಮೇಲಷ್ಟೇ ಕೂತು ಆ ಕಡೆ ಈ ಕಡೆ ಡೋಲಾಡುತ್ತದೆ. ಇದನ್ನು ನಾವು ಫ್ಲ್ಯಾಟ್ ಎನ್ನುತ್ತೇವೆ. ಬಾಗು ಹೆಚ್ಚಿದ್ದರೆ ಅಂಚು ಕಚ್ಚಿಕೊಂಡು ನಡುವೆ ನೀರು ನಿಲ್ಲುತ್ತದೆ, ಅದು ಸ್ಟೀಪ್. ಎರಡೂ ಬಾಗು ಹೊಂದಿದರೆ ನಡುವೆ ತೆಳುವಾದ ನೀರಿನ ಪದರ, ಬೆರಳಿಂದ ದೂಡಿದರೆ ತುಸು ಜಾರಿ ತಾನಾಗಿ ಮರಳುತ್ತದೆ. ಫಿಟಿಂಗ್ ಎಂದರೆ ಈ ಮೂರನೆಯದನ್ನು ಹುಡುಕುವುದು.

ಬಾಗನ್ನು ಎರಡು ರೀತಿ ಬರೆಯುತ್ತಾರೆ, ಜನ ಗೊಂದಲಕ್ಕೆ ಬೀಳುವುದು ಇಲ್ಲೇ. ಡಯಾಪ್ಟರ್‌ನಲ್ಲಿ (ಚಷ್ಮಾದ ನಂಬರ್ ಬರೆಯುವ ಅಳತೆ) ಬರೆದರೆ ಅಂಕಿ ದೊಡ್ಡದಾದಷ್ಟೂ ಬಾಗು ಜಾಸ್ತಿ. ಮಿಲಿಮೀಟರಿನಲ್ಲಿ ಬರೆದರೆ ಅಂಕಿ ಚಿಕ್ಕದಾದಷ್ಟೂ ಬಾಗು ಜಾಸ್ತಿ. 337.5 ಅನ್ನು ಒಂದರಿಂದ ಭಾಗಿಸಿದರೆ ಇನ್ನೊಂದು ಸಿಗುತ್ತದೆ. 7.50 ಮಿ.ಮೀ. ಎಂದರೆ 45 ಡಯಾಪ್ಟರ್. ರಿಪೋರ್ಟಿನಲ್ಲಿ ಕೆ1, ಕೆ2 ಎಂದು ಕಾಣುವುದು ಇದೇ ಅಳತೆ. ಲೆನ್ಸಿನ ಡಬ್ಬಿಯ ಮೇಲೆ ಬೇಸ್ ಕರ್ವ್ ಎಂದು ಬರೆದಿರುವುದು ಲೆನ್ಸಿನ ಒಳಮೈಯ ಬಾಗು. ಅದರಲ್ಲಿ 0.05 ಮಿ.ಮೀ. ಹೆಚ್ಚುಕಡಿಮೆ ಆದರೆ, ಅಂದರೆ ತಲೆಗೂದಲಿನ ದಪ್ಪದಷ್ಟು, ಪವರ್‌ನಲ್ಲಿ ಸುಮಾರು ಕಾಲು ಡಯಾಪ್ಟರ್ ವ್ಯತ್ಯಾಸವಾಗುತ್ತದೆ.

ಮೊದಲ ದಾರಿ: ಅಳತೆ ಕಳಿಸಿ ತರಿಸುವುದು

ಕಾರ್ನಿಯಾದ ಬಾಗು ಅಳೆಯುವ ಕೆರಟೋಮೀಟರ್ ಎಂಬ ಮಷೀನಿನಲ್ಲಿ ಕೆ ರೀಡಿಂಗ್ ತೆಗೆದು, ಚಷ್ಮಾದ ನಂಬರ್ ಸೇರಿಸಿ, ಲೆನ್ಸ್ ಮಾಡುವ ಲ್ಯಾಬಿಗೆ ಕಳಿಸುವುದು. ಅವರು ಲೆಕ್ಕ ಹಾಕಿ ಲೆನ್ಸ್ ಕಡೆದು ಕಳಿಸುತ್ತಾರೆ. ಕಣ್ಣಿಗೆ ಯಾವ ಲೆನ್ಸನ್ನೂ ಮುಟ್ಟಿಸದೆ ಮುಗಿಯುವ ಕೆಲಸ. ನಮ್ಮ ಕಡೆ ಚಷ್ಮಾ ಅಂಗಡಿಗಳಲ್ಲಿ ಹೆಚ್ಚು ನಡೆಯುವುದು ಇದೇ.

ಲೆಕ್ಕ ಹೀಗಿರುತ್ತದೆ. ಒಬ್ಬರ ಕೆ ರೀಡಿಂಗ್ 43.25 ಮತ್ತು 44.75, ಚಷ್ಮಾ −6.00, ಜೊತೆಗೆ 180 ಡಿಗ್ರಿಯಲ್ಲಿ −1.50 ಸಿಲಿಂಡರ್ ಎಂದುಕೊಳ್ಳಿ. ಫ್ಲ್ಯಾಟ್ ಕಡೆಯ 43.25 ಎಂದರೆ ಸುಮಾರು 7.80 ಮಿ.ಮೀ. ಚಷ್ಮಾ ಕಣ್ಣಿನಿಂದ 12 ಮಿ.ಮೀ. ದೂರ ಕೂರುತ್ತದೆ, ಲೆನ್ಸ್ ಕಣ್ಣಿನ ಮೇಲೆಯೇ. ಹಾಗಾಗಿ −6.00 ಇಳಿದು ಸುಮಾರು −5.60 ಆಗುತ್ತದೆ. ಸಿಲಿಂಡರ್ ಕಾರ್ನಿಯಾದ್ದೇ ಆಗಿರುವುದರಿಂದ ಅದನ್ನು ಕಣ್ಣೀರಿನ ಪದರವೇ ತೀರಿಸುತ್ತದೆ. 7.80ರ ಬದಲು 7.75 ಕೊಟ್ಟರೆ ಲೆನ್ಸಿನ ಕೆಳಗಿನ ಕಣ್ಣೀರು +0.25ರ ಭೂತಗನ್ನಡಿಯಂತೆ ವರ್ತಿಸುತ್ತದೆ, ಪವರ್‌ಗೆ ಅಷ್ಟೇ ಮೈನಸ್ ಸೇರಿಸಬೇಕು. ಸ್ಟೀಪ್ ಮಾಡಿದರೆ ಮೈನಸ್ ಕೂಡಿಸು, ಫ್ಲ್ಯಾಟ್ ಮಾಡಿದರೆ ಪ್ಲಸ್ ಕೂಡಿಸು ಎಂದು ಕಾಲೇಜಿನಲ್ಲಿ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದರು.

ಆರೋಗ್ಯವಂತ ಕಾರ್ನಿಯಾ, ಎರಡು ಎರಡೂವರೆ ಡಯಾಪ್ಟರ್ ಒಳಗಿನ ಸಿಲಿಂಡರ್ ಇದ್ದರೆ ಈ ದಾರಿಗೆ ನನ್ನ ತಕರಾರಿಲ್ಲ. ಬೇರೆಯವರ ಕಣ್ಣಿಗಿಟ್ಟ ಲೆನ್ಸ್ ನಿಮಗೆ ಇಡುವುದಿಲ್ಲ, ಸಮಯ ಉಳಿಯುತ್ತದೆ, ಮೊದಲ ಲೆನ್ಸಲ್ಲೇ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಕೆರಟೋಮೀಟರ್ ನೋಡುವುದು ಕಾರ್ನಿಯಾದ ನಡುವಿನ ಸುಮಾರು 3 ಮಿ.ಮೀ. ಅಗಲವನ್ನು ಮಾತ್ರ. ಲೆನ್ಸಿನ ಅಗಲ 9ರಿಂದ 10 ಮಿ.ಮೀ. ಉಳಿದ ಜಾಗದ ಸುದ್ದಿ ಅದಕ್ಕಿಲ್ಲ. ಕೆರಟೊಕೋನಸ್‌ನಲ್ಲಿ ಶಂಕುವಿನ ತುದಿ ಸಾಮಾನ್ಯವಾಗಿ ನಡುವಿನಿಂದ ಕೆಳಗೆ ಸರಿದಿರುತ್ತದೆ, ಆದ್ದರಿಂದ ಕೆ ರೀಡಿಂಗ್ ಬೆಟ್ಟದ ತುದಿ ಬಿಟ್ಟು ಬದಿಯ ಅಳತೆ ಕೊಡುತ್ತದೆ. ಮಷೀನಿನೊಳಗೆ ದುಂಡಗೆ ಕಾಣಬೇಕಾದ ಉಂಗುರ ಮೊಟ್ಟೆಯಂತೆ ಸೊಟ್ಟಗೆ, ಅಲುಗಾಡುತ್ತ ಕಂಡರೆ ಆ ಅಂಕಿಯನ್ನು ನಂಬಿ ಆರ್ಡರ್ ಹಾಕಬಾರದು. ಸಿಂದಗಿಯ ಹುಡುಗನ ಬಲಗಣ್ಣಲ್ಲಿ ಹಾಗೇ ಕಂಡಿತು. ಎಡಗಣ್ಣಲ್ಲಿ ಉಂಗುರ ನೆಟ್ಟಗಿತ್ತು.

ಎರಡನೆಯದು: ಟ್ರಯಲ್ ಲೆನ್ಸ್ ಇಟ್ಟು ನೋಡುವುದು

ನನ್ನ ಕೈ ಪಳಗಿರುವುದು ಇದರಲ್ಲಿ, ಆದ್ದರಿಂದ ಮಾತು ಸ್ವಲ್ಪ ಉದ್ದವಾದರೂ ತಾಳಿಕೊಳ್ಳಿ.

ಟ್ರಯಲ್ ಸೆಟ್ ಎಂದರೆ ಸಾಲಾಗಿ ಜೋಡಿಸಿಟ್ಟ ಬೇರೆಬೇರೆ ಬಾಗಿನ ಲೆನ್ಸ್‌ಗಳ ಪೆಟ್ಟಿಗೆ. ಪವರ್ ಸಾಮಾನ್ಯವಾಗಿ ಎಲ್ಲದಕ್ಕೂ −3.00. ಕೆ ರೀಡಿಂಗ್‌ಗೆ ಹತ್ತಿರದ್ದನ್ನು ಆರಿಸಿ ಕಣ್ಣಿಗಿಡುತ್ತೇವೆ. ಮೊದಲ ಐದು ನಿಮಿಷ ಕಣ್ಣಲ್ಲಿ ನೀರೇ ನೀರು. "ಕಣ್ಣಾಗ ಉಸುಕು ಬಿದ್ದಂಗ ಆಗಾಕತ್ತೈತ್ರಿ" ಅಂತ ಹುಡುಗ ತಲೆ ಎತ್ತಲಿಲ್ಲ. ಕೆಳಗೆ ನೋಡು, ರೆಪ್ಪೆ ಅರ್ಧ ಮುಚ್ಚಿಕೋ ಎಂದು ಹೇಳಿ ಕೂರಿಸಿದೆ. ಲೆನ್ಸಿನ ಅಂಚು ಮೇಲಿನ ರೆಪ್ಪೆಗೆ ತಾಕುವುದರಿಂದ ಚುಚ್ಚುತ್ತದೆ, ಕಾರ್ನಿಯಾದಿಂದ ಅಲ್ಲ. ಇಪ್ಪತ್ತು ಮೂವತ್ತು ನಿಮಿಷದಲ್ಲಿ ನೀರು ಇಳಿಯುತ್ತದೆ. ಅಲ್ಲಿಯವರೆಗೆ ನೋಡಿದ್ದೆಲ್ಲ ಲೆಕ್ಕಕ್ಕಿಲ್ಲ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮುಧೋಳ ಕಡೆಯ ಹುಡುಗಿಯೊಬ್ಬಳಿಗೆ ಬಸ್ಸು ತಪ್ಪುತ್ತದೆ ಎಂದು ಐದೇ ನಿಮಿಷಕ್ಕೆ ಫಿಟಿಂಗ್ ನೋಡಿದೆ. ಕಣ್ಣೀರಲ್ಲಿ ತೇಲುತ್ತಿದ್ದ ಲೆನ್ಸ್ ಸಡಿಲ ಕಂಡಿತು, 0.10 ಮಿ.ಮೀ. ಸ್ಟೀಪ್ ಮಾಡಿ ಆರ್ಡರ್ ಹಾಕಿದೆ. ಹದಿನೈದು ದಿನಕ್ಕೆ ಕೆಂಗಣ್ಣಿನೊಂದಿಗೆ ಬಂದಳು. ಲೆನ್ಸ್ ಅಲುಗಾಡದೆ ಅಂಟಿ ಕೂತಿತ್ತು, ತೆಗೆದ ಮೇಲೆ ಕಾರ್ನಿಯಾದ ಮೇಲೆ ಅದರ ಅಂಚಿನ ಗುರುತು ಉಂಗುರದಂತೆ ಉಳಿದಿತ್ತು. ಹೊಸ ಲೆನ್ಸಿನ ದುಡ್ಡು ನಾನೇ ಕೊಟ್ಟೆ. ಅವರ ತಂದೆ ಎರಡು ದಿನದ ಕೆಲಸ ಬಿಟ್ಟು ಬಂದದ್ದನ್ನು ಮಾತ್ರ ನನ್ನಿಂದ ಕೊಡಲಾಗಲಿಲ್ಲ.

ನೀರು ಇಳಿದ ಮೇಲೆ ಕಿತ್ತಳೆ ಬಣ್ಣದ ಫ್ಲೋರಿಸಿನ್ ಕಾಗದದ ಪಟ್ಟಿಯನ್ನು ಸಲೈನಿನಲ್ಲಿ ತೋಯಿಸಿ ಕಣ್ಣಿನ ಬಿಳಿಭಾಗಕ್ಕೆ ಮುಟ್ಟಿಸುತ್ತೇವೆ. ಸ್ಲಿಟ್ ಲ್ಯಾಂಪಿನ (ಕಣ್ಣನ್ನು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕ) ನೀಲಿ ಬೆಳಕು ಹಾಕಿ, ಮುಂದೆ ಹಳದಿ ಫಿಲ್ಟರ್ ಹಿಡಿದರೆ ಲೆನ್ಸಿನ ಕೆಳಗಿನ ಕಣ್ಣೀರು ಹಸಿರಾಗಿ ಹೊಳೆಯುತ್ತದೆ. ಎಲ್ಲಿ ಕಣ್ಣೀರು ದಪ್ಪವಿದೆಯೋ ಅಲ್ಲಿ ಗಾಢ ಹಸಿರು, ಎಲ್ಲಿ ಲೆನ್ಸ್ ಕಾರ್ನಿಯಾಕ್ಕೆ ತಾಕಿದೆಯೋ ಅಲ್ಲಿ ಕಪ್ಪು. ನಡುವೆ ಹಸಿರು ಕೆರೆ ನಿಂತು ಸುತ್ತ ಕಪ್ಪು ಬಳೆ ಕಂಡರೆ ಸ್ಟೀಪ್. ನಡುವೆ ಕಪ್ಪು ಚುಕ್ಕೆ, ಅಂಚಿನಲ್ಲಿ ಅಗಲವಾದ ಹಸಿರು ಪಟ್ಟಿ ಕಂಡು, ಕಣ್ಣು ಪಿಳುಕಿಸಿದ ಕೂಡಲೇ ಲೆನ್ಸ್ ಜಾರಿದರೆ ಫ್ಲ್ಯಾಟ್. ಮೈತುಂಬ ಒಂದೇ ಸಮ ತೆಳುಹಸಿರು, ಅಂಚಿನ ಸುತ್ತ ಅರ್ಧ ಮಿಲಿಮೀಟರಿನಷ್ಟು ಹೊಳೆಯುವ ಗೆರೆ, ಪಿಳುಕಿಸಿದಾಗ ಒಂದೆರಡು ಮಿ.ಮೀ. ಮೇಲೆ ಹೋಗಿ ಮೆಲ್ಲಗೆ ಇಳಿಯುವ ಲೆನ್ಸ್, ಅದು ಬೇಕಾದದ್ದು. ಸಿಲಿಂಡರ್ ಜಾಸ್ತಿ ಇದ್ದವರಲ್ಲಿ ಹಸಿರು ಡಂಬೆಲ್ ಆಕಾರದಲ್ಲಿ ಹಂಚಿಹೋಗುತ್ತದೆ. ಅಂಥವರಿಗೆ ಒಳಮೈಯಲ್ಲೂ ಎರಡು ಬಾಗು ಇರುವ ಟೋರಿಕ್ ಲೆನ್ಸ್ ಬೇಕು.

ಲೆನ್ಸ್ ಕಣ್ಣಲ್ಲಿರುವಾಗಲೇ ಮೇಲಿಂದ ನಂಬರ್ ತೆಗೆಯುತ್ತೇವೆ. ಆಗಲೇ ಹೇಳಿದ −6.00ರ ಕಣ್ಣಿಗೆ 7.75ರ ಟ್ರಯಲ್ ಇಟ್ಟರೆ ಮೇಲೆ ಸುಮಾರು −2.75 ಬರುತ್ತದೆ. −3.00ಕ್ಕೆ ಸೇರಿಸಿ −5.75 ಆರ್ಡರ್. ಕಾಗದದ ಲೆಕ್ಕಕ್ಕೂ ಕಣ್ಣಿನ ಲೆಕ್ಕಕ್ಕೂ ತಾಳೆ ಬಿತ್ತು. ತಾಳೆ ಬೀಳದಿದ್ದರೆ ನಾನು ಕಣ್ಣನ್ನು ನಂಬುತ್ತೇನೆ.

ಇದರೊಳಗೇ ಎರಡು ಮತಗಳಿವೆ. ಒಂದರಲ್ಲಿ ಲೆನ್ಸ್ ತುಸು ದೊಡ್ಡದು, 9.5 ಮಿ.ಮೀ. ಆಸುಪಾಸು, ಕೊಂಚ ಫ್ಲ್ಯಾಟ್. ಮೇಲಿನ ರೆಪ್ಪೆ ಅದರ ಅಂಚನ್ನು ಹಿಡಿದುಕೊಂಡಿರುತ್ತದೆ, ರೆಪ್ಪೆಯ ಜೊತೆಗೇ ಏರಿ ಇಳಿಯುತ್ತದೆ. ಅಂಚು ರೆಪ್ಪೆಯ ಕೆಳಗೇ ಇರುವುದರಿಂದ ಚುಚ್ಚುವುದು ಕಡಿಮೆ. ಇನ್ನೊಂದರಲ್ಲಿ ಲೆನ್ಸ್ ಚಿಕ್ಕದು, ಕೊಂಚ ಸ್ಟೀಪ್, ಎರಡು ರೆಪ್ಪೆಗಳ ನಡುವೆ ತೆರೆದ ಜಾಗದಲ್ಲಿ ಕೂರುತ್ತದೆ. ಪ್ರತಿ ಸಲ ಪಿಳುಕಿಸಿದಾಗಲೂ ರೆಪ್ಪೆ ಅಂಚಿಗೆ ತಾಕುತ್ತದೆ, ರೂಢಿಯಾಗಲು ಹೆಚ್ಚು ದಿನ ಬೇಕು. ಮೇಲಿನ ರೆಪ್ಪೆ ಕರಿಗುಡ್ಡೆಯ ಅಂಚನ್ನು ಮುಚ್ಚುವವರಿಗೆ ಮೊದಲನೆಯದು. ಅಗಲ ಕಣ್ಣಿನವರಲ್ಲಿ ರೆಪ್ಪೆ ಕರಿಗುಡ್ಡೆಯಿಂದ ಮೇಲೆಯೇ ನಿಲ್ಲುತ್ತದೆ, ಹಿಡಿಯಲು ಏನೂ ಇಲ್ಲ, ಅವರಿಗೆ ಎರಡನೆಯದು. ಕನ್ನಡಿಯಲ್ಲಿ ನೋಡಿಕೊಂಡರೆ ನೀವು ಯಾವ ಕಡೆ ಎಂದು ನಿಮಗೇ ತಿಳಿಯುತ್ತದೆ.

ಕೆರಟೊಕೋನಸ್ ಇದ್ದವರಿಗೆ

ಮೊದಲು ಒಂದು ಮಾತು. ಲೆನ್ಸ್ ಕೆರಟೊಕೋನಸ್ ಬೆಳೆಯುವುದನ್ನು ತಡೆಯುವುದಿಲ್ಲ. ತಡೆಯಲು ಮಾಡುವುದು ಸಿ3ಆರ್ ಎಂದು ಕರೆಯುವ ಕ್ರಾಸ್‌ಲಿಂಕಿಂಗ್, ಕಾರ್ನಿಯಾಕ್ಕೆ ರೈಬೋಫ್ಲೇವಿನ್ ಹನಿ ಹಾಕಿ ಅತಿನೇರಳೆ ಬೆಳಕು ಬಿಡುವ ಚಿಕಿತ್ಸೆ. ಹದಿನೆಂಟು ಇಪ್ಪತ್ತರ ಮಕ್ಕಳಲ್ಲಿ ನಂಬರ್ ಏರುತ್ತಿದ್ದರೆ ಮೊದಲು ಕಾರ್ನಿಯಾ ಡಾಕ್ಟರನ್ನು ಕಂಡು ಅದು ಬೇಕೇ ಎಂದು ಕೇಳಬೇಕು, ಲೆನ್ಸಿನ ಮಾತು ಆಮೇಲೆ. ಇನ್ನೊಂದು, ಕಣ್ಣು ತಿಕ್ಕುವುದು, ಅದರಿಂದ ಶಂಕು ಇನ್ನೂ ಬೆಳೆಯಬಹುದು. ಜೋಳದ ರಾಶಿಯ ದಿನಗಳಲ್ಲಿ, ಬ್ಯಾಸಗಿಯ ಧೂಳಲ್ಲಿ ಅಲರ್ಜಿಯಿಂದ ಕಣ್ಣು ತುರಿಸುತ್ತದೆ, ಮಕ್ಕಳು ಮುಷ್ಟಿ ಕಟ್ಟಿ ತಿಕ್ಕುತ್ತಾರೆ. ಆ ತುರಿಕೆಗೆ ಹನಿ ಔಷಧಿ ಇದೆ. ಮೊದಲು ಅದನ್ನು ಹಾಕಿಸಿ.

ಶಂಕುವಿನ ಮೇಲೆ ಲೆನ್ಸ್ ಕೂರಿಸುವುದಕ್ಕೆ ಮೂರು ಬಗೆ. ಲೆನ್ಸಿನ ಭಾರವನ್ನೆಲ್ಲ ಶಂಕುವಿನ ತುದಿಗೇ ಬಿಡುವುದು ಹಳೆಯ ಫ್ಲ್ಯಾಟ್ ಪದ್ಧತಿ. ದೃಷ್ಟಿ ಚೊಕ್ಕ ಬರುತ್ತದೆ, ಅದಕ್ಕೇ ಕೆಲವರು ಅದನ್ನೇ ಬಯಸುತ್ತಾರೆ. ಆದರೆ ಅಲ್ಲೇ ಉಜ್ಜಿ ಉಜ್ಜಿ ಮೇಲ್ಪದರ ಕಿತ್ತು, ಮುಂದೆ ಬಿಳಿಕಲೆ ಬೀಳುವ ಅಪಾಯ ಇದೆ. ನಾನು ಮಾಡುವುದಿಲ್ಲ. ತುದಿಯನ್ನು ಸ್ವಲ್ಪವೂ ಮುಟ್ಟದಂತೆ ಸ್ಟೀಪ್ ಮಾಡಿ ಎತ್ತಿ ಕೂರಿಸುವುದು ಎರಡನೆಯದು. ತುದಿಗೆ ಕ್ಷೇಮ, ಆದರೆ ಅಂಚು ಬಿಗಿಯಾಗುವ, ನಡುವೆ ಗಾಳಿಗುಳ್ಳೆ ನಿಲ್ಲುವ, ದೃಷ್ಟಿ ಮಬ್ಬಾಗುವ ತೊಂದರೆ. ಮೂರನೆಯದು ಇವೆರಡರ ನಡುವಿನದು. ತುದಿಗೆ ಎರಡು ಮೂರು ಮಿ.ಮೀ. ಅಗಲದಷ್ಟು ಹೂವಿನಂತೆ ತಾಕಿಸಿ, ಉಳಿದ ಭಾರವನ್ನು ಎರಡೂ ಬದಿಗೆ ಹಂಚುವುದು. ಮೂರು ಕಡೆ ತಾಕುವುದರಿಂದ ತ್ರೀ ಪಾಯಿಂಟ್ ಟಚ್ ಎಂದು ಹೆಸರು. ಹೆಚ್ಚಿನ ಕಣ್ಣುಗಳಿಗೆ ನಾನು ಇದನ್ನೇ ಹಿಡಿಯುತ್ತೇನೆ. ಒಲೆಯ ಮೂರು ಕಲ್ಲಿನ ಮೇಲೆ ಗಡಿಗೆ ಕೂತ ಹಾಗೆ ಎಂದರೆ ಹಳ್ಳಿಯವರಿಗೆ ಕೂಡಲೇ ತಿಳಿಯುತ್ತದೆ.

ಇದಕ್ಕೆಂದೇ ಮಾಡಿದ ಲೆನ್ಸ್‌ಗಳಿವೆ. ರೋಸ್ ಕೆ ಎಂಬ ಹೆಸರು ಕೇಳಿರುತ್ತೀರಿ. ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಊರಿನ ಪಾಲ್ ರೋಸ್ ಎಂಬ ಆಪ್ಟೊಮೆಟ್ರಿಸ್ಟ್ ಮಾಡಿದ ವಿನ್ಯಾಸ. ಬಾಗು ಹೆಚ್ಚಾದಂತೆ ಒಳಗಿನ ದೃಷ್ಟಿಭಾಗ ಕಿರಿದಾಗುತ್ತ ಹೋಗುತ್ತದೆ, ಮೊನಚಾದ ಶಂಕುವನ್ನು ಅಪ್ಪಿ ಕೂರುತ್ತದೆ. ಸಾಮಾನ್ಯ ಸೆಮಿಸಾಫ್ಟ್ ಲೆನ್ಸ್ ಸ್ವಲ್ಪ ಕೆರಟೊಕೋನಸ್‌ಗೆ ಹೇಗೋ ನಡೆಯುತ್ತದೆ, ಶಂಕು ಎದ್ದು ನಿಂತ ಮೇಲೆ ನಡೆಯುವುದಿಲ್ಲ. ಇಲ್ಲೂ ಟ್ರಯಲ್ ಸೆಟ್ ಇಲ್ಲದೆ ರೋಸ್ ಕೆ ತರಿಸಿಕೊಡುತ್ತೇನೆ ಎನ್ನುವವರಿಂದ ದೂರ ಇರಿ.

ಟೊಪೊಗ್ರಫಿ ನಕ್ಷೆ ನೋಡಿ ಮಾಡುವುದು

ಕಾರ್ನಿಯಾದ ಮೇಲೆ ಉಂಗುರ ಉಂಗುರವಾಗಿ ಬೆಳಕು ಬಿಟ್ಟು ಅದರ ಪ್ರತಿಬಿಂಬದಿಂದ, ಅಥವಾ ಪೆಂಟಕ್ಯಾಮ್‌ನಂಥ ಮಷೀನಿನಲ್ಲಿ ಸೀಳಿದಂತೆ ಫೋಟೊ ತೆಗೆದು, ಕೆಂಪು ಹಸಿರು ನೀಲಿ ಬಣ್ಣದ ನಕ್ಷೆ ಕೊಡುತ್ತಾರೆ. ಕೆಂಪು ಇರುವ ಕಡೆ ಬಾಗು ಹೆಚ್ಚು. ಸಾವಿರಾರು ಬಿಂದುಗಳ ಅಳತೆ ಇರುವುದರಿಂದ ಶಂಕು ಎಲ್ಲಿದೆ, ಎಷ್ಟು ಅಗಲ ಇದೆ ಎಂದು ನಿಖರ ಗೊತ್ತಾಗುತ್ತದೆ. ಅದನ್ನು ಸಾಫ್ಟ್‌ವೇರಿಗೆ ಕೊಟ್ಟರೆ ಕಂಪ್ಯೂಟರಿನಲ್ಲೇ ಲೆನ್ಸ್ ಇಟ್ಟು ಹಸಿರು ಕಪ್ಪಿನ ಚಿತ್ರವನ್ನೂ ತೋರಿಸುತ್ತದೆ.

ಚಿತ್ರ ಬಹಳ ಚಂದ. ಆದರೆ ಕಂಪ್ಯೂಟರಿನ ಕಣ್ಣಿಗೆ ರೆಪ್ಪೆ ಇಲ್ಲ. ಬಿಗಿ ರೆಪ್ಪೆ ಲೆನ್ಸನ್ನು ಮೇಲಕ್ಕೆಳೆಯುತ್ತದೆ, ಸಡಿಲ ರೆಪ್ಪೆ ಕೆಳಗೆ ಬಿಡುತ್ತದೆ, ಇದು ನಕ್ಷೆಯಲ್ಲಿ ಎಲ್ಲಿ ಸಿಗಬೇಕು? ನಾನು ನಕ್ಷೆಯನ್ನು ಯಾವ ಟ್ರಯಲ್ ಲೆನ್ಸ್‌ನಿಂದ ಶುರು ಮಾಡಬೇಕು ಎಂದು ತಿಳಿಯಲು ಬಳಸುತ್ತೇನೆ. ಆರು ಲೆನ್ಸ್ ಇಟ್ಟು ತೆಗೆಯುವ ಕಡೆ ಎರಡರಲ್ಲಿ ಮುಗಿಯುತ್ತದೆ, ಹುಡುಗನ ಕಣ್ಣೂ ಕೆಂಪಾಗುವುದಿಲ್ಲ. ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಸಿ3ಆರ್‌ಗೆಂದು ನಕ್ಷೆ ತೆಗೆಸಿದ್ದರೆ ಅದರ ಬಣ್ಣದ ಪ್ರಿಂಟ್ ತನ್ನಿ. ವಾಟ್ಸಾಪಿನಲ್ಲಿ ಕಳಿಸಿದ ಕಪ್ಪುಬಿಳಿ ಝೆರಾಕ್ಸ್ ಫೋಟೊದಲ್ಲಿ ಕೆಂಪೂ ನೀಲಿಯೂ ಒಂದೇ ಬೂದಿ ಬಣ್ಣ.

ಈಗಾಗಲೇ ಗಟ್ಟಿ ಲೆನ್ಸ್ ಹಾಕುತ್ತಿದ್ದವರು ಮೊದಲು ಅದನ್ನು ತೆಗೆದಿಡಬೇಕು. ಲೆನ್ಸ್ ಒತ್ತಿದ ಆಕಾರ ಕಾರ್ನಿಯಾದ ಮೇಲೆ ಉಳಿದಿರುತ್ತದೆ, ಅದು ಮೊದಲಿನಂತಾಗಲು ಕೆಲವು ವಾರಗಳೇ ಬೇಕಾಗಬಹುದು. ಲೆನ್ಸಿಲ್ಲದೆ ಕೆಲಸವೇ ಸಾಗದವರು ಒಂದೊಂದೇ ಕಣ್ಣಿನ ಲೆನ್ಸ್ ಬಿಟ್ಟು ಬರುವುದುಂಟು.

ಸ್ಕ್ಲೆರಲ್

ಈ ಹೆಸರು ಈಗ ಎಲ್ಲರ ಬಾಯಲ್ಲಿದೆ, ಹೊಸದು ಎಂದು ತಿಳಿದಿದ್ದಾರೆ. ವಾಸ್ತವದಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. 1888ರಲ್ಲಿ ಅಡಾಲ್ಫ್ ಫಿಕ್ ವಿವರಿಸಿದ ಗಾಜಿನ ಲೆನ್ಸ್ ಕಣ್ಣಿನ ಬಿಳಿಭಾಗದ ಮೇಲೇ ಕೂರುತ್ತಿತ್ತು. ಕರಿಗುಡ್ಡೆಯಷ್ಟೇ ಅಗಲದೊಳಗೆ ಕೂರುವ ಪ್ಲಾಸ್ಟಿಕ್ ಲೆನ್ಸ್ ಕೆವಿನ್ ಟುಯೋಹಿಯಿಂದ ಬಂದದ್ದು 1948ರಲ್ಲಿ. ಆಮ್ಲಜನಕ ಹಾಯುವ ವಸ್ತು ಸಿಕ್ಕ ಮೇಲೆ ದೊಡ್ಡ ಲೆನ್ಸ್ ಮತ್ತೆ ಜೀವ ಪಡೆಯಿತು.

ಅಗಲ ಸುಮಾರು 15ರಿಂದ 18 ಮಿ.ಮೀ. ಇದು ಕಾರ್ನಿಯಾವನ್ನು ಮುಟ್ಟುವುದೇ ಇಲ್ಲ. ನಮ್ಮ ಗೋಳಗುಮ್ಮಟದ ಗುಮ್ಮಟ ಹೇಗೆ ಒಳಗಿನ ನೆಲಕ್ಕೆ ಸಂಬಂಧವಿಲ್ಲದೆ ಗೋಡೆಗಳ ಮೇಲೆ ಭಾರ ಬಿಟ್ಟು ನಿಂತಿದೆಯೋ ಹಾಗೆ, ಲೆನ್ಸ್ ಬಿಳಿಭಾಗದ ಮೇಲೆ ಕೂತು ಕಾರ್ನಿಯಾವನ್ನು ದಾಟಿ ನಿಲ್ಲುತ್ತದೆ. ನಡುವಿನ ಜಾಗ ತುಂಬ ಸಲೈನ್. ಫಿಟಿಂಗ್ ನೋಡುವುದೂ ಬೇರೆ ರೀತಿ: ಲೆನ್ಸಿನ ಬಟ್ಟಲಲ್ಲಿ ಸಲೈನ್ ತುಂಬುವಾಗಲೇ ಫ್ಲೋರಿಸಿನ್ ಬೆರೆಸಿರುತ್ತೇವೆ. ಕಣ್ಣಿಗೆ ಹಾಕಿದ ಮೇಲೆ ಬೆಳಕಿನ ಸಣ್ಣ ಸೀಳು ಬಿಟ್ಟರೆ ಮುಂದೆ ಲೆನ್ಸಿನ ಕರಿಪಟ್ಟಿ, ಹಿಂದೆ ಹಸಿರು ಪಟ್ಟಿ, ಅದರ ಹಿಂದೆ ಕಾರ್ನಿಯಾ ಮೂರು ಪದರವಾಗಿ ಕಾಣುತ್ತವೆ. ಲೆನ್ಸಿನ ದಪ್ಪ ಗೊತ್ತಿರುವುದರಿಂದ ಅದಕ್ಕೆ ಹೋಲಿಸಿ ಹಸಿರು ಎಷ್ಟು ದಪ್ಪ ಎಂದು ಅಂದಾಜು ಮಾಡುತ್ತೇವೆ. ಹಾಕಿದಾಗ 300 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಮೇಲಿದ್ದರೆ, ಲೆನ್ಸ್ ಕೆಲವು ತಾಸಿನಲ್ಲಿ ಸುಮಾರು 100 ಮೈಕ್ರಾನ್ ಕುಸಿದು ಕೂತ ಮೇಲೂ 200ರಷ್ಟು ಉಳಿಯುತ್ತದೆ. ಅಂಚಿನ ಕೆಳಗಿನ ರಕ್ತನಾಳಗಳು ಒತ್ತಿ ಬಿಳುಪಾಗಿರಬಾರದು. ಇಷ್ಟೆಲ್ಲ ನೋಡಲು ಅರ್ಧ ದಿನ ಬೇಕು. ಅರ್ಧ ತಾಸಿನಲ್ಲಿ ಸ್ಕ್ಲೆರಲ್ ಫಿಟಿಂಗ್ ಮುಗಿಸಿಕೊಟ್ಟರು ಎಂದರೆ ಎರಡನೇ ಸಲ ಹೋಗುವ ಬಸ್ ಚಾರ್ಜು ಈಗಲೇ ಎತ್ತಿಡಿ.

ನಮ್ಮ ಕಡೆ ಇದರ ದೊಡ್ಡ ಲಾಭ ಧೂಳಿನದು. ಚಿಕ್ಕ ಸೆಮಿಸಾಫ್ಟ್ ಲೆನ್ಸ್ ಹಾಕಿಕೊಂಡು ಬೈಕ್ ಮೇಲೆ ಆಲಮೇಲ ರಸ್ತೆಯಲ್ಲಿ ಹೊರಟರೆ ಒಂದು ಕಣ ಕೆಳಗೆ ನುಸುಳಿದರೂ ಸೂಜಿ ಚುಚ್ಚಿದಂತೆ, ಗಾಡಿ ನಿಲ್ಲಿಸಲೇಬೇಕು. ಸ್ಕ್ಲೆರಲ್‌ನ ಅಂಚು ಬಿಳಿಭಾಗಕ್ಕೆ ಮುಚ್ಚಿ ಕೂರುವುದರಿಂದ ಧೂಳು ಒಳಗೆ ಹೋಗುವುದು ಅಪರೂಪ. ರೆಪ್ಪೆ ಅಂಚಿಗೆ ತಾಕದ ಕಾರಣ ಮೊದಲ ದಿನವೇ ಆರಾಮ. ಬೀಳುವುದಿಲ್ಲ, ಆಟದಲ್ಲಿ ಜಾರುವುದಿಲ್ಲ. ಕಣ್ಣು ಒಣಗುವ ಕಾಯಿಲೆ ಇದ್ದವರಿಗೂ ದಿನವಿಡೀ ತೇವ.

ತೊಂದರೆ ಹೇಳದೆ ಇದ್ದರೆ ತಪ್ಪಾದೀತು. ಬೆಲೆ ಸಾಮಾನ್ಯ ಲೆನ್ಸಿನ ಹಲವು ಪಟ್ಟು. ಹಾಕುವುದಕ್ಕೆ ಮುಖ ನೆಲಕ್ಕೆ ಸಮಾನಾಂತರ ಬಗ್ಗಿಸಿ, ತುಂಬಿದ ಬಟ್ಟಲನ್ನು ಚೆಲ್ಲದೆ ಕಣ್ಣಿಗೆ ತರಬೇಕು. ಗಾಳಿಗುಳ್ಳೆ ಸಿಕ್ಕರೆ ತೆಗೆದು ಮತ್ತೆ ಮೊದಲಿಂದ. ಮೊದಲ ವಾರ ಬೆಳಗಿನ ಅರ್ಧ ತಾಸು ಇದಕ್ಕೇ ಹೋಗುತ್ತದೆ. ತೆಗೆಯಲು ರಬ್ಬರಿನ ಚಿಕ್ಕ ಪ್ಲಂಜರ್ ಬೇಕು, ಅದನ್ನು ಲೆನ್ಸಿನ ನಡುವಿಗೆ ಒತ್ತದೆ ಅಂಚಿನ ಹತ್ತಿರ ಹಿಡಿದು ಎತ್ತಬೇಕು. ಕೆಲವರಿಗೆ ಮಧ್ಯಾಹ್ನದ ಹೊತ್ತಿಗೆ ಒಳಗಿನ ನೀರು ಹಾಲಾದಂತೆ ಮಸುಕಾಗುತ್ತದೆ, ಆಗ ತೆಗೆದು ಹೊಸ ಸಲೈನ್ ತುಂಬಬೇಕು. ಆ ಸಲೈನ್ ಪ್ರಿಸರ್ವೇಟಿವ್ ಇಲ್ಲದ್ದೇ ಆಗಬೇಕು. ಅದು ಖಾಲಿಯಾಯಿತೆಂದು ಬೋರಿನ ಸವಳು ನೀರೋ, ಫಿಲ್ಟರ್ ನೀರೋ ತುಂಬಿದವರನ್ನು ಕಂಡಿದ್ದೇನೆ. ಯಾವ ನಲ್ಲಿ ನೀರಿನಲ್ಲೂ ಅಕಾಂತಮೀಬಾ ಎಂಬ ಜೀವಿ ಇರಬಹುದು, ಅದು ಕಾರ್ನಿಯಾ ಹೊಕ್ಕರೆ ತಿಂಗಳುಗಟ್ಟಲೆ ಔಷಧಿ, ಕಣ್ಣು ಹೋದರೂ ಹೋದೀತು. ಚಿಕ್ಕ ಲೆನ್ಸಿಗೂ ಇದೇ ನಿಯಮ, ನೀರು ಮುಟ್ಟಿಸುವಂತಿಲ್ಲ, ಎಂಜಲಂತೂ ಬೇಡವೇ ಬೇಡ. ಕಸಿ ಆದ ಕಾರ್ನಿಯಾಕ್ಕೆ ಸ್ಕ್ಲೆರಲ್ ಹಾಕುವ ಮೊದಲು ಒಳಪದರದ ಜೀವಕೋಶ ಎಣಿಸುವ ಪರೀಕ್ಷೆ ಆಗಬೇಕು, ಅವು ಕಡಿಮೆ ಇದ್ದರೆ ಕಾರ್ನಿಯಾ ಊದಿಕೊಳ್ಳುತ್ತದೆ.

ಉಳಿದದ್ದು ಎರಡು. ಸಾಫ್ಟ್ ಲೆನ್ಸ್ ಹಾಕಿ ಅದರ ಮೇಲೆ ಸೆಮಿಸಾಫ್ಟ್ ಕೂರಿಸುವುದು ಪಿಗ್ಗಿಬ್ಯಾಕ್. ತುದಿ ಉಜ್ಜಿ ಗಾಯವಾದವರಿಗೆ, ಸ್ಕ್ಲೆರಲ್‌ಗೆ ದುಡ್ಡು ಹೊಂದದವರಿಗೆ ತಾತ್ಕಾಲಿಕವಾಗಿ ಚೊಲೊ, ಆದರೆ ದಿನಾ ನಾಲ್ಕು ಲೆನ್ಸ್ ತೊಳೆಯಬೇಕು. ನಡುವೆ ಗಟ್ಟಿ, ಸುತ್ತ ಮೃದು ಇರುವ ಹೈಬ್ರಿಡ್ ಲೆನ್ಸೂ ಇದೆ. ಮೃದು ಭಾಗ ಹರಿದರೆ ಪೂರ್ತಿ ಲೆನ್ಸೇ ಹೋಯಿತು.

ಯಾರಿಗೆ ಯಾವುದು

ಕಾರ್ನಿಯಾ ನೆಟ್ಟಗಿದ್ದು ಸಿಲಿಂಡರ್ ಸಾಧಾರಣ ಇದ್ದರೆ ಅಳತೆ ಕಳಿಸಿ ತರಿಸಿದರೂ ನಡೆಯುತ್ತದೆ. ಸರಿಬರದಿದ್ದರೆ ಬದಲಿಸಿಕೊಡುವುದಾಗಿ ಮೊದಲೇ ಒಪ್ಪಿಸಿಕೊಳ್ಳಿ. ಆರಂಭದ, ನಡುಮಟ್ಟದ ಕೆರಟೊಕೋನಸ್‌ಗೆ ಟ್ರಯಲ್ ಇಟ್ಟು ತ್ರೀ ಪಾಯಿಂಟ್ ಟಚ್, ನಕ್ಷೆ ಇದ್ದರೆ ಇನ್ನೂ ಒಳ್ಳೆಯದು. ಕೆ ರೀಡಿಂಗ್ 52 ಡಯಾಪ್ಟರ್ ದಾಟಿದೆ, ಲೆನ್ಸ್ ದಿನಕ್ಕೆರಡು ಸಲ ಬೀಳುತ್ತದೆ, ತುದಿಯಲ್ಲಿ ಗಾಯವಾಗುತ್ತಿದೆ, ಅಥವಾ ಕೆಲಸವೇ ಸಕ್ಕರೆ ಫ್ಯಾಕ್ಟರಿ, ಕಲ್ಲಿನ ಕ್ವಾರಿ, ಹೊಲ ಎಂದಾದರೆ ಸ್ಕ್ಲೆರಲ್‌ಗೆ ದುಡ್ಡು ಕೂಡಿಸುವುದು ಲೇಸು. ಆದರೆ ಕೈ ನಡುಗುವ ವಯಸ್ಸಾದವರಿಗೆ, ಮನೆಯಲ್ಲಿ ಹಾಕಿಕೊಡುವವರು ಇಲ್ಲದಿದ್ದರೆ, ಅದನ್ನು ಒತ್ತಾಯಿಸುವುದಿಲ್ಲ.

ದೂರದಿಂದ ಬರುವವರು ಓಡಾಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಟ್ರಯಲ್‌ಗೆ ಒಂದು ದಿನ, ಲೆನ್ಸ್ ಬಂದಾಗ ಹಾಕಿ ತೆಗೆಯುವುದು ಕಲಿಯಲು ಒಂದು, ಒಂದು ವಾರ ಬಿಟ್ಟು ಒಂದು, ತಿಂಗಳಿಗೊಂದು. ಸ್ಕ್ಲೆರಲ್‌ಗೆ ಇನ್ನೊಂದೆರಡು ಸೇರಿಸಿ. ಇಲ್ಕಲ್‌ನಿಂದ ಬೆಳಗಾವಿಗೆ ಆರು ಸಲ ಹೋಗುವುದಕ್ಕಿಂತ ಹತ್ತಿರದ ಬಾಗಲಕೋಟೆಯಲ್ಲಿ ಟ್ರಯಲ್ ಸೆಟ್ ಇರುವವರು ಸಿಕ್ಕರೆ ಅಲ್ಲೇ ಮಾಡಿಸಿ. ಫೋನಿನಲ್ಲಿ ಕೇಳಬೇಕಾದದ್ದು ಇಷ್ಟು: ನಿಮ್ಮಲ್ಲಿ ಟ್ರಯಲ್ ಸೆಟ್ ಇದೆಯೇ? ಕಣ್ಣಿಗಿಟ್ಟು ಎಷ್ಟು ಹೊತ್ತು ಕೂರಿಸಿ ನೋಡುತ್ತೀರಿ? ಬಂದ ಲೆನ್ಸ್ ಹೊಂದದಿದ್ದರೆ ಏನು ಮಾಡುತ್ತೀರಿ? ಎರಡನೇ ಪ್ರಶ್ನೆಗೆ ಬರುವ ಉತ್ತರದಲ್ಲೇ ಬಹಳಷ್ಟು ತಿಳಿಯುತ್ತದೆ.

ಹೊಸ ಲೆನ್ಸನ್ನು ಮೊದಲ ದಿನ ಮೂರು ನಾಲ್ಕು ತಾಸು ಹಾಕಿ, ದಿನಕ್ಕೊಂದೆರಡು ತಾಸು ಏರಿಸಿ. ಕಣ್ಣು ಕೆಂಪಾಗಿ, ನೋವು ಬಂದು, ಬೆಳಕು ನೋಡಲಾಗದಿದ್ದರೆ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು, ರೂಢಿಯಾಗುತ್ತದೆ ಎಂದು ಕಾಯಬಾರದು.

ಸಿಂದಗಿಯ ಹುಡುಗನಿಗೆ ಬಲಗಣ್ಣಿಗೆ ಮೂರು ಟ್ರಯಲ್ ಲೆನ್ಸ್ ಬದಲಾಯಿಸಿದೆ. ಮೂರನೆಯದರಲ್ಲಿ ತುದಿಯ ಮೇಲೆ ತಿಳಿಗಪ್ಪು, ಬದಿಯಲ್ಲಿ ತೆಳುಹಸಿರು. ಎಡಗಣ್ಣಿಗೆ ಮೊದಲನೆಯದೇ ಕೂತಿತು. ಅರ್ಧ ತಾಸು ಹೊರಗೆ ಓಡಾಡಿ ಬಾ ಎಂದು ಕಳಿಸಿದ್ದೆ, ವಾಪಸ್ ಬಂದು ಎದುರಿನ ಅಂಗಡಿಯ ಬೋರ್ಡಿನ ಕೆಳಗೆ ಸಣ್ಣಕ್ಷರದಲ್ಲಿದ್ದ ಫೋನ್ ನಂಬರನ್ನು ಓದಿ ಹೇಳಿದ. ಸಿ3ಆರ್ ಬೇಕೋ ಬೇಡವೋ ನೋಡಲು ಕಾರ್ನಿಯಾ ಡಾಕ್ಟರಿಗೆ ಚೀಟಿ ಬರೆದುಕೊಟ್ಟೆ. ಅವರು ಕಂಡ ಮೇಲೇ ಲೆನ್ಸ್ ಆರ್ಡರ್. ತಾಯಿಗೆ ಅದು ಅಷ್ಟು ಸರಿಬರಲಿಲ್ಲ. "ಮತ್ತ ಇನ್ನೊಂದ್ ಸಲ ಬರಬೇಕೇನ್ರಿ?" ಅಂದರು. ನಾಲ್ಕು ಸಲ ಎಂದೆ.

ಹೋಗುವ ಮೊದಲು ಮೊಬೈಲ್ ತೆಗೆದು ನಮ್ಮ ಕಾರ್ಡಿನ ಫೋಟೊ ಹೊಡೆದುಕೊಂಡರು. ಬಲಗಣ್ಣು 6.80, ಎಡಗಣ್ಣು 7.70, ಕೆಳಗೆ ಲೆನ್ಸಿನ ಅಗಲ, ಪವರ್, ವಸ್ತುವಿನ ಹೆಸರು.